ಅಪ್‌ಡೇಟ್ ಆದಮೇಲೆ ಬಾಯಿ ಕಟ್ಟಿದ ಕಂಪ್ಯೂಟರ್‌ಗಳು

ಚನ್ನಗಿರಿ ಬಸ್‌ಸ್ಟ್ಯಾಂಡ್ ಹತ್ರ ನಂದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಐತೆ. ದೊಡ್ಡ ಅಪ್‌ಡೇಟ್ ಬಂದಾಗೆಲ್ಲ ನನಗೆ ಸುಗ್ಗಿ. ಒಬ್ಬರ ಕಂಪ್ಯೂಟರ್ ಮಾತಾಡಲ್ಲ, ಇನ್ನೊಬ್ಬರದು ಕೇಳಿಸ್ಕೊಳ್ಳಲ್ಲ. ಮಷೀನು ನೋಡಿ ಬೆರಗಾಗೋದು ನನಗೆ ಯಾವಾಗಲೋ ನಿಂತೋಗೈತೆ. ಅದರ ಮುಂದೆ ಕೂತ ಜನರನ್ನ ನೋಡಿ ಬೆರಗಾಗೋದು ಮಾತ್ರ ಇನ್ನೂ ನಿಂತಿಲ್ಲ.

೧. ಚಾದಂಗಡಿ ಸ್ಪೀಕರ್

ನಮ್ಮೂರ ಅಡಿಕೆ ವ್ಯಾಪಾರಿಯೊಬ್ಬರು ಬಂದು, "ಅಪ್‌ಡೇಟ್ ಆಗಿ ನಾಲ್ಕು ದಿನ ಆತು, ಸೌಂಡೇ ಇಲ್ಲ. ವಿಡಿಯೋ ಕಾಲ್‌ನಾಗೆ ನಾನು ಬೈದಿದ್ದು ಅಳಿಯಗೆ ಕೇಳುತ್ತೆ, ಅವನು ಅಂದಿದ್ದು ನನಗೆ ಕೇಳಲ್ಲ" ಅಂದ್ರು.

ಅವರ ಅಂಗಡಿಗೆ ಹೋಗಿ ನೋಡಿದೆ. ಗಣಪತಿ ಹಬ್ಬದಾಗೆ ಹಾಡು ಹಾಕಾಕೆ ಅಂತ ಪಕ್ಕದ ಚಾದಂಗಡಿಯ ಬ್ಲೂಟೂತ್ ಸ್ಪೀಕರ್‌ಗೆ ಒಂದ್ಸಲ ಜೋಡಿಸಿದ್ರಂತೆ. ಅಪ್‌ಡೇಟ್ ಆದಮೇಲೆ ಕಂಪ್ಯೂಟರ್ ತನ್ನ ಸ್ಪೀಕರ್ ಬಿಟ್ಟು ಅದನ್ನೇ ಹಿಡ್ಕಂಡಿತ್ತು. ಮಾವ ಬೈಯೋದು ಗೋಡೆ ದಾಟಿ ಕೇಳ್ತಿತ್ತು, ಅಳಿಯನ ಉತ್ತರ ಸ್ಪೀಕರ್‌ನಾಗೆ ಬರ್ತಿತ್ತು. ಚಾದಂಗಡಿ ತುಂಬ ಜನ, ಚಾ ಆರ್ತಿದ್ರೂ ಕುಡೀದೆ ಕೂತಿದ್ರು.

ಸರಿ ಮಾಡ್ತೀನಿ ಅಂದಿದ್ದಕ್ಕೆ ಚಾದಂಗಡಿಯವ ನನ್ನ ಪಕ್ಕಕ್ಕೆ ಕರೆದು ಕೈ ಮುಗಿದ. "ಸಾರ್, ಅಳಿಯಂದೇ ನ್ಯಾಯ ಅಂತ ಎಲ್ಲರೂ ಒಪ್ಯಾರೆ. ಇವತ್ತೊಂದಿನ ತಡೀರಿ, ರಾಜಿ ಆಗೋ ಹಂಗೈತೆ."

೨. ಬ್ಯಾಡ ಅಂದವರು

ನ್ಯಾಮತಿಯ ನಿವೃತ್ತ ಮೇಷ್ಟ್ರೊಬ್ಬರು ಲ್ಯಾಪ್‌ಟಾಪ್ ತಂದ್ರು. ಮೈಕು, ಕ್ಯಾಮೆರಾ, ಎಲ್ಲದಕ್ಕೂ ಅನುಮತಿ ಬಂದ್ ಆಗಿತ್ತು. "ಇದನ್ನೆಲ್ಲ ಯಾರು ಬಂದ್ ಮಾಡಿದ್ದು ಸಾರ್?" ಅಂದೆ.

"ನಾನೇ. ಯಾರು ಕೇಳಿದ್ರೂ ಒಪ್ಪಿಗೆ ಕೊಡಬ್ಯಾಡ್ರಿ, ಮೋಸಗಾರರು ಇರ್ತಾರೆ ಅಂತ ಎಲ್ಲ ಕಡೆ ಹೇಳ್ತಾರಲ್ಲ. ಅಪ್‌ಡೇಟ್ ಆದಮೇಲೆ ಇದು ಎಂಟು ಸಲ ಕೇಳ್ತು. ಎಂಟು ಸಲನೂ ಬ್ಯಾಡ ಅಂದೆ."

ಅಂಥ ಗಟ್ಟಿ ಮನಸ್ಸು ನಾನು ಕಂಡಿರಲಿಲ್ಲ. ಮೈಕು ಕೆಲಸ ಮಾಡ್ಬೇಕಂದ್ರೆ ಒಪ್ಪಿಗೆ ಬೇಕೇ ಬೇಕು ಅಂತ ಅರ್ಧ ಗಂಟೆ ಬಿಡಿಸಿ ಹೇಳಿದೆ. ಮೇಷ್ಟ್ರು ಶಾಂತವಾಗಿ ಕೇಳಿದ್ರು. ಕೊನೆಗೆ, "ಹಂಗಾರೆ ಒಪ್ಪಿಗೆ ಕೊಡ್ಲಾ ಸಾರ್?" ಅಂದೆ.

"ಬ್ಯಾಡ" ಅಂದ್ರು.

೩. ಹೊನ್ನಾಳಿಯ ಹೆಣ್ಣು ನೋಡೋ ಶಾಸ್ತ್ರ

ಹುಡುಗ ಸೈನ್ಯದಾಗಿದ್ದ, ರಜಾ ಸಿಕ್ಕಿರಲಿಲ್ಲ. ಹಂಗಾಗಿ ಹೆಣ್ಣು ನೋಡೋ ಶಾಸ್ತ್ರ ಹುಡುಗಿಯ ಲ್ಯಾಪ್‌ಟಾಪಿನಾಗೇ. ಸಂಬಂಧ ತಂದಿದ್ದು ಮದುವೆ ದಲ್ಲಾಳಿ, ಹೋದ ತಿಂಗಳು. ಹುಡುಗಿಯ ಅಪ್ಪ ಲವ್ವು ಗಿವ್ವು ಅಂದ್ರೆ ಹೊಸಲು ದಾಟಿಸದ ಮನುಷ್ಯ. ಅಪ್‌ಡೇಟ್ ಆಗೈತೆ, ಏನಾದ್ರೂ ಕೈಕೊಟ್ಟೀತು ಅಂತ ನನ್ನ ಮೊದ್ಲೇ ಕರೆಸಿದ್ರು.

ಕೈಕೊಡ್ತು. ಹುಡುಗನ ದನಿ ನಮಗೆ ಬರ್ತಿತ್ತು, ನಮ್ಮದು ಅವನಿಗೆ ಹೋಗ್ತಿರಲಿಲ್ಲ. ಇವತ್ತು ತಪ್ಪಿದ್ರೆ ಅವನು ಸಿಗ್ನಲ್ ಇಲ್ಲದ ಜಾಗಕ್ಕೆ ಹೋಗ್ತಾನೆ, ಎರಡು ತಿಂಗಳು ಸಿಗಲ್ಲ. ಮೈಕಿನ ಅನುಮತಿ ಕೊಡಾಕೆ ಹೋದ್ರೆ ಪಾಸ್‌ವರ್ಡ್ ಕೇಳ್ತು. "ಹೇಳಮ್ಮ" ಅಂದೆ.

"ನಾನೇ ಹೊಡೀತೀನಿ" ಅಂತ ಹುಡುಗಿ ಗಾಬರಿಯಿಂದ ಎದ್ದು ಬಂದ್ಲು. ಎರಡು ಸಲ ತಪ್ಪಾತು. ನಾನು ದೊಡ್ಡ ಬುದ್ಧಿವಂತನಂಗೆ, "ಆ ಕಣ್ಣಿನ ಗುರುತು ಒತ್ತಿದ್ರೆ ಹೊಡೆದಿದ್ದು ಕಾಣುತ್ತಮ್ಮ" ಅಂದೆ. ಮೂರನೇ ಸಲ ಹೊಡೆದ್ಲು, ಕಣ್ಣು ಒತ್ತಲಿಲ್ಲ. ಹಿಂದೆ ನಿಂತಿದ್ದ ಅಪ್ಪ ಕೈ ಚಾಚಿ ಒತ್ತಿಬಿಟ್ರು.

ಪರದೆ ಮೇಲೆ ಹುಡುಗನ ಹೆಸರು. ಪಕ್ಕದಾಗೆ ಮೂರು ವರ್ಷದ ಹಿಂದಿನ ಇಸವಿ.

ಅಪ್ಪ ಮಗಳ ಮುಖ ನೋಡಿದ್ರು. ಅವಳ ಕಣ್ಣಾಗೆ ನೀರು. ಮೈಕು ಸರಿ ಮಾಡಾಕೆ ಬಂದು ಸಂಬಂಧ ಮುರಿದ್ನಲ್ಲಪ್ಪ ಅಂದ್ಕಂಡೆ. ಅಪ್ಪ ತಾವೇ ಓಕೆ ಒತ್ತಿದ್ರು. ಮೈಕು ಬಂತು.

ಈ ಕಡೆ ಆಗಿದ್ದು ಒಂದೂ ಗೊತ್ತಿಲ್ಲದ ಹುಡುಗ ವಿನಯವಾಗಿ ಕೈ ಮುಗಿದು, "ನಮಸ್ಕಾರ ರೀ. ಹುಡುಗಿ ಹೆಸರು ಏನಂದ್ರಿ?" ಅಂದ.

ಅಪ್ಪ ಕುರ್ಚಿ ಎಳ್ಕಂಡು ಕೂತ್ರು. "ಹೇಳ್ತೀನ್ರಿ. ಮೊದ್ಲು ನಿಮ್ಮ ಫೋನಿನ ಪಾಸ್‌ವರ್ಡ್ ಏನು, ಅದನ್ನ ಹೇಳ್ರಿ."

ಹುಡುಗ ತಲೆ ಬಗ್ಗಿಸಿ ಮೆಲ್ಲಗೆ ಹುಡುಗಿ ಹೆಸರು ಹೇಳಿದ.

"ಹೆಸರು ಗೊತ್ತೈತಲ್ಲ ಮತ್ತೆ" ಅಂದ್ರು ಅಪ್ಪ. "ರಜಾ ಯಾವಾಗ ಸಿಗುತ್ತೆ ಹೇಳಪ್ಪ, ಮದುವೆಗೆ ಛತ್ರ ಬುಕ್ ಮಾಡ್ಬೇಕು."