ಬಂದದ್ದೆಲ್ಲ ಆದಾಯ

ನಮ್ಮ ಕಾಕಾನಿಗೆ ಏನನ್ನೂ ಪುಕ್ಕಟೆ ಕೊಡಲು ಸಾಧ್ಯವಿಲ್ಲ. ಬೇಕಾದರೆ ಕೊಟ್ಟು ನೋಡಿ! ಡ್ಯಾನ್‌ವಿಲ್‌ನ ಅವರ ಮನೆಗೆ ನಾನು ಸ್ಯಾನ್ ಹೊಸೆಯಿಂದ ಶೇಂಗಾ ಚಟ್ನಿಪುಡಿ ಒಯ್ದರೆ, "ಬಾ" ಎನ್ನುವ ಮೊದಲೇ ಚಮಚ ತರುತ್ತಾರೆ. ಕಾಲುಭಾಗ ಬಟ್ಟಲಿಗೆ ತೆಗೆದು ಪಕ್ಕದ ಮನೆಯ ಅಮೆರಿಕನ್ ಅಜ್ಜಿಗೆ ಕೊಟ್ಟು ಬರುತ್ತಾರೆ. ಆಕೆ ಅದನ್ನು ಐಸ್‌ಕ್ರೀಮಿನ ಮೇಲೆ ಉದುರಿಸಿಕೊಂಡು ತಿನ್ನುತ್ತಾಳಂತೆ. ಅವರವರ ರುಚಿ.

ಮೊದಲು ಕಾಕಾ ಹೀಗಿರಲಿಲ್ಲ. ಅವರ ಒಬ್ಬಳೇ ಮಗಳು ಬೇರೊಂದು ರಾಜ್ಯಕ್ಕೆ ಹೋಗಿ ಸಣ್ಣ ಕಂಪನಿ ತೆರೆದಾಗ ತಮ್ಮ ಉಳಿತಾಯವನ್ನೆಲ್ಲ ಅದರಲ್ಲಿ ಹಾಕಿದರು. ಹೊಸ ಕಂಪನಿಗೆ ದುಡ್ಡು ಹಾಕಿದವರಿಗೆ ಆ ರಾಜ್ಯ ಟ್ಯಾಕ್ಸ್ ಕ್ರೆಡಿಟ್ ಎಂದು ತೆರಿಗೆಯಲ್ಲಿ ರಿಯಾಯಿತಿ ಕೊಡುತ್ತದೆ. ಕಾಕಾ ಅಲ್ಲಿ ಟ್ಯಾಕ್ಸ್ ಕಟ್ಟುವವರಲ್ಲ, ಹಾಗಾಗಿ ಅದು ಚೆಕ್ಕಾಗಿಯೇ ಮನೆಗೆ ಬಂತು. ಅವರು ಅದನ್ನು ದೇವರ ಮುಂದಿಟ್ಟು ಧಾರಾಳವಾಗಿ ಕುಂಕುಮ ಹಚ್ಚಿದರು. ಬ್ಯಾಂಕಿನ ಮಷೀನು ಆ ಚೆಕ್ಕನ್ನು ಮತ್ತೆ ಮತ್ತೆ ಹೊರಗೆ ಉಗುಳಿತು.

ಅದೇ ಅಪಶಕುನವಿರಬೇಕು. ಟ್ಯಾಕ್ಸ್ ನೋಡುವವರು ಹೇಳಿದರು: ಈ ಕ್ರೆಡಿಟ್ಟು ಫೆಡರಲ್, ಅಂದರೆ ಕೇಂದ್ರ ಸರ್ಕಾರದ ಲೆಕ್ಕದಲ್ಲಿ ಆದಾಯ, ಇದಕ್ಕೂ ತೆರಿಗೆ ಉಂಟು.

"ಕೊಟ್ಟವರು ಒಬ್ಬರು, ಪಾಲು ಕೇಳಾವರು ಇನ್ನೊಬ್ಬರು. ಇದ್ಯಾವ ನ್ಯಾಯ?" ಎಂದರು ಕಾಕಾ.

ಅಡಿಗೆಮನೆಯಿಂದ ಕಾಕಾನ ಹೆಂಡತಿ, ನಮ್ಮ ಕಾಕು, ಹೇಳಿದರು, "ಬಾಜೂ ಮನಿಯವರು ಹೋಳಿಗಿ ಕೊಟ್ಟರ ನಿಮ್ಮವ್ವಗ ಮೊದಲು ಪಾಲು ತಗದಿಡತಿರಲಿಲ್ಲೇನ್ರಿ ನಾನು? ಹಂಗs ಇದೂ."

ಕಾಕಾ ತೆರಿಗೆ ಕಟ್ಟಿದರು. ಆದರೆ ಕಷ್ಟವನ್ನು ಒಬ್ಬರೇ ಅನುಭವಿಸುವುದು ಅವರ ಜಾಯಮಾನವೇ? ಅಂದಿನಿಂದ ಮನೆಗೆ ಬಂದದ್ದೆಲ್ಲ ಆದಾಯವಾಯಿತು, ಅದರ ಕಾಲುಭಾಗ ತೆರಿಗೆಯೆಂದು ಹೊರಗೆ ಹೋಗತೊಡಗಿತು. ಹುಟ್ಟುಹಬ್ಬಕ್ಕೆ ನಾಲ್ಕು ಜೊತೆ ಸಾಕ್ಸ್ ಕೊಟ್ಟೆ, ಒಂದು ಜೊತೆ ಪೋಸ್ಟ್‌ಮನ್‌ಗೆ ಹೋಯಿತು. ಆತ ಚಡ್ಡಿ ತೊಟ್ಟು ಬರುವವನು, ನನ್ನ ಸಾಕ್ಸು ಬೀದಿಯ ತುಂಬ ಓಡಾಡುತ್ತಿದೆ.

"ಯಾವುದಕ್ಕೂ ವಿನಾಯಿತಿ ಇಲ್ಲೇನ್ರಿ ಕಾಕಾ?" ಎಂದು ಕೇಳಿದೆ.

"ಇಲ್ಲವ್ವಾ. ಕಾಯ್ದೆ ಅಂದರ ಕಾಯ್ದೆ."

ಹೋದ ತಿಂಗಳು ಮಗಳ ಕಂಪನಿ ಮುಚ್ಚಿತು. ಅಪ್ಪನಿಗೆ ಹೇಳುವ ಧೈರ್ಯವಿಲ್ಲದೆ ಅವಳು ಮೊದಲು ನನಗೆ ಫೋನು ಮಾಡಿದಳು. ಅವಳು ಬಂದಿಳಿದ ದಿನ ಓಕ್ಲ್ಯಾಂಡಿನ ಏರ್‌ಪೋರ್ಟಿನಿಂದ ನಾನೇ ಕಾಕಾನ ಮನೆಗೆ ಕರೆದುಕೊಂಡು ಹೊರಟೆ. ಫ್ರೀವೇ ಉದ್ದಕ್ಕೂ ಒಂದೇ ಮಾತು: "ಅಕ್ಕಾ, ಹೀ ವಿಲ್ ನೆವರ್ ಟ್ರಸ್ಟ್ ಮೀ ಅಗೇನ್." ನನಗೂ ಭಯವಿತ್ತು. ಚಟ್ನಿಪುಡಿಯನ್ನೇ ಬಿಡದ ಮನುಷ್ಯ ಇದನ್ನು ಬಿಟ್ಟಾರೆಯೇ?

ಬಾಗಿಲಲ್ಲೇ ನಿಂತು ಹೇಳಿಬಿಟ್ಟಳು. "ಸಾರಿ ಅಪ್ಪಾ. ಕಂಪನಿ ಕ್ಲೋಸ್ ಆಯ್ತು. ನಿಮ್ಮ ದುಡ್ಡೆಲ್ಲ ಹೋಯ್ತು."

ಕಾಕಾ ಕನ್ನಡಕ ತೆಗೆದು ಅಂಗಿಯ ತುದಿಯಿಂದ ನಿಧಾನಕ್ಕೆ ಒರೆಸಿದರು.

"ಹೆಂಗ ಹೋಗತದ? ನಿನ್ನ ಕಂಪನಿಯಿಂದ ನನಗ ಆದಾಯ ಆಗೇದ ಅಂತ ಸರ್ಕಾರನs ಟ್ಯಾಕ್ಸ್ ತೊಗೊಂಡದ. ಗಳಿಸದವರ ಹತ್ರ ತೊಗೋತಾರೇನು? ಯಾರರೆ ನಷ್ಟ ಅಂದರ ನನ್ನ ಹತ್ರ ಕಳಸು, ರಸೀದಿ ತೋರಸ್ತೀನಿ."

ಅವಳು ಅಳುತ್ತಲೇ ನಕ್ಕಳು. ಅಷ್ಟು ದಿನ ಬೈದ ತೆರಿಗೆಯನ್ನೇ ಅವರು ಮಗಳಿಗೆ ಆಸರೆಯಾಗಿ ಕೊಟ್ಟಿದ್ದರು.

ಅವಳು ತನ್ನೂರಿಗೆ ವಾಪಸು ಹೊರಟ ದಿನ, ನಾನು ಒಯ್ದಿದ್ದ ಚಟ್ನಿಪುಡಿಯ ಡಬ್ಬಿಯನ್ನು ಕಾಕಾ ಅವಳ ಕೈಗಿಟ್ಟರು. ನಾನು ರೂಢಿಯಂತೆ ಚಮಚ, ಬಟ್ಟಲು ತಂದೆ.

"ಒಳಗಿಡವ್ವಾ ಅದನ್ನ," ಎಂದರು. "ಅಪ್ಪ ಮಗಳಿಗೆ ಕೊಟ್ಟದ್ದು ಆದಾಯ ಅಲ್ಲ."