ಎಡಗಡೆಯ ದೋಣಿ

ಅದು ಎರಡು ಸಾವಿರದ ಇಪ್ಪತ್ತೊಂದನೆಯ ಇಸವಿ; ನನಗಾಗ ಅರವತ್ತೆರಡು ವರ್ಷ. ಸಮುದ್ರಮಟ್ಟದಿಂದ ಮೂರು ಸಾವಿರ ಅಡಿ ಮೇಲಿರುವ ಯಲಹಂಕದಲ್ಲಿ, ಕಾರೇ ಇಲ್ಲದೆ ಕಾರ್ ಶೆಡ್ ಕಟ್ಟಿಸಿ ಅದರೊಳಗೆ ಹಾಯಿದೋಣಿಯನ್ನು ನಿಲ್ಲಿಸಿಕೊಂಡವರು ನನ್ನ ಭಾವನವರೊಬ್ಬರೇ ಎಂಬ ನನ್ನ ಪ್ರತಿಪಾದನೆಯನ್ನು ಇಂದಿನವರೆಗೆ ಯಾರೂ ಖಂಡಿಸಿಲ್ಲ.

ಭಾವನವರು ಕಾರವಾರದಲ್ಲಿ ಇಪ್ಪತ್ತು ವರ್ಷ ನೌಕರಿ ಮಾಡಿದವರು. ನಿವೃತ್ತರಾಗಿ ಅಲ್ಲಿಂದ ಬರುವಾಗ ಉಳಿದವರು ಗೋಡಂಬಿ ತಂದರೆ, ಇವರು ಹದಿನಾಲ್ಕು ಅಡಿಯ ದೋಣಿಯನ್ನು ಲಾರಿಯಲ್ಲಿ ಹೇರಿಕೊಂಡು ಬಂದರು. ಅದನ್ನು ನಡೆಸಲು ಇಬ್ಬರು ಬೇಕು. ಒಬ್ಬರು ಹಿಂದೆ ಕುಳಿತು ಚುಕ್ಕಾಣಿಯನ್ನೂ ದೊಡ್ಡ ಹಾಯಿಯ ಹಗ್ಗವನ್ನೂ ಹಿಡಿಯಬೇಕು. ಇನ್ನೊಬ್ಬರು ಮುಂದೆ ಕುಳಿತು ಚಿಕ್ಕ ಹಾಯಿಯ ಹಗ್ಗಗಳನ್ನು ಎಳೆಯುತ್ತ, ಹಿಂದಿನವರಿಂದ ಬೈಸಿಕೊಳ್ಳುತ್ತಿರಬೇಕು. ಈ ಎರಡನೆಯ ಹುದ್ದೆಯಲ್ಲಿ ಅಷ್ಟೂ ವರ್ಷ ದುಡಿದವಳು ನನ್ನ ಅಕ್ಕ. ಭುಜ ಹಿಡಿದುಕೊಂಡು ಬಲಗೈ ಮೇಲೆತ್ತಲಾಗದಂತಾದಾಗ ಅವಳು ರಾಜೀನಾಮೆ ಕೊಟ್ಟಳು.

ತೆರವಾದ ಸ್ಥಾನಕ್ಕೆ ನನ್ನನ್ನು ನೇಮಿಸಲಾಯಿತು. ಹೆಸರಘಟ್ಟದಾಚೆ, ಊರವರ ಒಪ್ಪಿಗೆ ಪಡೆದಿದ್ದ ಕೆರೆಯೊಂದರಲ್ಲಿ ನನ್ನ ಒಟ್ಟು ಸೇವಾವಧಿ ಹನ್ನೊಂದು ನಿಮಿಷ. ಭಾವನವರು "ಎಳಿ" ಎಂದರು. ನಾಲ್ಕು ಹಗ್ಗಗಳಿರುವಲ್ಲಿ ಕರ್ಮಪದವಿಲ್ಲದ ಆಜ್ಞೆಯನ್ನು ಪಾಲಿಸುವುದು ಹೇಗೆ? "ಯಾವುದನ್ನು?" ಎಂದು ಕೇಳಿ ಮುಗಿಸುವಷ್ಟರಲ್ಲಿ ಇಬ್ಬರೂ ನೀರಿನಲ್ಲಿದ್ದೆವು.

"ಮೇಷ್ಟ್ರೇ, ನಿನ್ನ ಕಟ್ಕೊಂಡ್ರೆ ನನಗೆ ಈಜೋದೊಂದೇ ಕೆಲಸ," ಎಂದರು ಭಾವನವರು, ಜೊಂಡಿನ ಚೂರನ್ನು ಮೀಸೆಯಿಂದ ತೆಗೆಯುತ್ತ. "ದೋಣೀನೇ ಬದಲಾಯಿಸ್ತೀನಿ. ಎಲ್ಲಾ ಹಗ್ಗಾನೂ ನನ್ನ ಕೈಗೇ ಸಿಗೋ ಹಂಗೆ ಮಾಡ್ಕೊಂಡು ಒಬ್ನೇ ನಡೆಸ್ತೀನಿ."

ಅಕ್ಕ ಒದ್ದೆ ಬಟ್ಟೆಗಳನ್ನು ನೋಡಿ ತೀರ್ಪು ಕೊಟ್ಟಳು. "ಯುಗಾದಿವರೆಗೆ ಟೈಮ್ ಕೊಡ್ತೀನಿ ಕಣ್ರೀ. ಅಷ್ಟರೊಳಗೆ ನೀವೊಬ್ರೇ ಕೆರೆ ಒಂದು ಸುತ್ತು ಹೊಡೆದು ತೋರಿಸ್ಬೇಕು. ಇಲ್ಲಾಂದ್ರೆ ಗೊರಗುಂಟೆಪಾಳ್ಯದ ಗುಜರಿಯವನಿಗೆ ನಾನೇ ಫೋನ್ ಮಾಡ್ತೀನಿ."

ಮರುದಿನವೇ ಹಿತ್ತಿಲಿನ ಬಾಲ್ಕನಿಯಿಂದ, ಬಟ್ಟೆ ಒಣಗಿಸಲು ಸೂರಿಗೆ ತೂಗುಹಾಕಿದ್ದ ಕೊಳವೆಗಳು ಮಾಯವಾದವು. ಭಾವನವರಿಗೆ ಬೇಕಾಗಿದ್ದವು ಕೊಳವೆಗಳಲ್ಲ, ಅವುಗಳ ಪುಟ್ಟ ರಾಟೆಗಳು. "ಆರು ಹಗ್ಗ, ಆರೂ ಗೋಡೆ ಮೇಲಿನ ಒಂದೇ ಪಟ್ಟಿಗೆ ಬರುತ್ತೆ. ಅಲ್ಲಿ ನಿಂತ್ಕೊಂಡೇ ಎಲ್ಲಾ ಎಳೀಬಹುದು. ಇದನ್ನ ಕಂಡುಹಿಡಿದವನು ಖಂಡಿತ ನಾವಿಕ ಕಣೋ," ಎಂದರು. ಅಂದಿನಿಂದ ಅಕ್ಕನ ಸೀರೆಗಳು ದೋಣಿಯ ಹಾಯಿಕಂಬದ ಮೇಲೆ ಒಣಗತೊಡಗಿದವು. ಹಾಯಿಗಿಂತ ಹೆಚ್ಚು ಗಾಳಿ ಹಿಡಿದದ್ದೂ ಅವೇ.

ಶೆಡ್ಡಿನೊಳಗೆ ಅಭ್ಯಾಸ ಆರಂಭವಾಯಿತು. ಸ್ಟ್ಯಾಂಡ್ ಫ್ಯಾನಿನ ಎದುರು, ಟ್ರೇಲರಿನ ಮೇಲಿನ ದೋಣಿಯಲ್ಲಿ ಭಾವನವರು ದಿನಕ್ಕೆರಡು ಗಂಟೆ ಪ್ರಯಾಣ ಮಾಡಿದರು. ದೋಸೆ ಅಲ್ಲಿಗೇ ಹೋಗುತ್ತಿತ್ತು. ಅವರ ಕೈ ಕಣ್ಣುಮುಚ್ಚಿದರೂ ಸರಿಯಾದ ಹಗ್ಗವನ್ನೇ ಹಿಡಿಯುವ ಮಟ್ಟಕ್ಕೆ ಬಂದಾಗ, ಜನವರಿಯಲ್ಲಿ ದೋಣಿ ಕೆರೆಗಿಳಿಯಿತು.

ಮೊದಲ ಐದು ನಿಮಿಷ ವೈಭವವೇ ವೈಭವ. ಆಮೇಲೆ ಗಾಳಿ ಬಲಗಡೆಯಿಂದ ಬೀಸಿತು. ದೋಣಿ ಮಗುಚದಿರಲು ಭಾವನವರು ಬಲಗಡೆಗೆ ಸರಿದು ಕುಳಿತರು. ಹಗ್ಗಗಳು ಮಾತ್ರ ಎಡಗಡೆಯಲ್ಲೇ ಉಳಿದವು! ಅವನ್ನು ಹಿಡಿಯಲು ಕೈಚಾಚಿದರೆ ದೋಣಿ ವಾಲುತ್ತದೆ. ಕೈಚಾಚದಿದ್ದರೆ ತನಗೆ ಇಷ್ಟಬಂದಲ್ಲಿಗೆ ಹೋಗುತ್ತದೆ. ಅದಕ್ಕೆ ಜೊಂಡಿನ ನಡುವೆ ಹೋಗುವುದು ಇಷ್ಟವಿತ್ತು.

ಕಬ್ಬಿಣದ ಪಟ್ಟಿಗಳನ್ನು ಬೆಸೆದುಕೊಟ್ಟಿದ್ದ ಆರ್.ಟಿ. ನಗರದ ವೆಲ್ಡರ್ ರಫೀಕ್ ದಡದಲ್ಲಿ ತಲೆ ಕೆರೆದುಕೊಂಡ.

"ಸಾರ್, ಒಂದ್ ಮಾತ್ ಕೇಳ್ಲಾ? ಶೆಡ್‌ನಲ್ಲಿ ಬಲಗಡೆ ಏನಿದೆ?"

"ಗೋಡೆ."

"ಗೋಡೆಗೆ ಒರಗಿಸಿ ನಿಲ್ಲಿಸಿದ್ರೆ ಆ ಕಡೆ ಕೂತ್ಕೊಳ್ಳೋಕೆ ಜಾಗ ಎಲ್ಲಿದೆ? ಮೂರ್ ತಿಂಗ್ಳಿಂದ ನೀವು ಎಡಗಡೆ ಮಾತ್ರ ಕೂತಿದ್ದೀರಾ. ಅರ್ಧ ದೋಣಿ ರೆಡಿ ಮಾಡಿದ್ದೀರಾ, ಸಾರ್."

ಇನ್ನು ಯಾರಾದರೂ ಆಗಿದ್ದರೆ ಗುಜರಿಯವನ ನಂಬರು ಹುಡುಕುತ್ತಿದ್ದರು. ಭಾವನವರು ಹಗ್ಗಗಳನ್ನೆಲ್ಲ ಬಿಚ್ಚಿ ದೋಣಿಯ ನಟ್ಟನಡುವೆ ಅಡ್ಡಪಟ್ಟಿಯೊಂದಕ್ಕೆ ತಂದರು. ಎರಡೂ ಕಡೆಯಿಂದ ಕೈಗೆಟಕುವಂತೆ, ಹಗ್ಗ ಸಿಕ್ಕಿಸುವ ಕಚ್ಚುಗಳನ್ನು ರಫೀಕನಿಂದ ಕೂರಿಸಿದರು. ಕೈ ಬಿಟ್ಟರೂ ಚುಕ್ಕಾಣಿ ನೆಟ್ಟಗಿರಲೆಂದು ಸೈಕಲ್ ಟ್ಯೂಬ್ ಬಿಗಿದರು. ಅಭ್ಯಾಸಕ್ಕೆ ಈ ಸಲ ಗೋಡೆಗಳ ಸಹವಾಸವೇ ಬೇಡವೆಂದು ತಾರಸಿಯ ಮೇಲೆ ಸೀಮೆಸುಣ್ಣದಿಂದ ದೋಣಿ ಬರೆದರು. ನನಗೆ ಬಡ್ತಿ ದೊರೆಯಿತು: ನಾನು ಗಾಳಿ. "ಎಡಗಡೆಯಿಂದ ಬೀಸುತ್ತಿದ್ದೇನೆ," ಎಂದು ನಾನು ಸ್ಪಷ್ಟ ಉಚ್ಚಾರಣೆಯಲ್ಲಿ ಘೋಷಿಸಿದೊಡನೆ ಅವರು ಎಡಕ್ಕೆ ಜಿಗಿಯಬೇಕು. ಪಕ್ಕದ ಮನೆಯವರು ಎರಡು ವಾರ ಕಾಲ ತಾರಸಿಗೆ ಬರುವುದನ್ನೇ ಬಿಟ್ಟರು.

ಯುಗಾದಿಗೆ ಆರು ದಿನವಿತ್ತು. ಅಕ್ಕ ದಡದಲ್ಲಿ, ಮಡಿಸುವ ಕುರ್ಚಿಯ ಮೇಲೆ, ಫೋನನ್ನು ಎಲ್ಲರಿಗೂ ಕಾಣುವಂತೆ ಹಿಡಿದು ಕುಳಿತಿದ್ದಳು. ಭಾವನವರು ತೇಲುವ ಜಾಕೆಟ್ ತೊಟ್ಟು ಒಬ್ಬರೇ ಹೊರಟರು. ಗಾಳಿ ಎಡದಿಂದ ಬಂತು, ಅವರು ಎಡಕ್ಕೆ ಸರಿದರು. ಬಲದಿಂದ ಬಂತು, ಬಲಕ್ಕೆ ಸರಿದರು. ಹಗ್ಗಗಳು ಈ ಸಲ ಅವರ ಜೊತೆಗೇ ಬಂದವು. ದೂರದ ಏರಿಯ ಬಳಿ ದೋಣಿ ತಿರುಗಿ, ಎರಡೂ ಹಾಯಿ ತುಂಬಿಕೊಂಡು ನಮ್ಮತ್ತ ಬರುವಾಗ ರಫೀಕ್ ಶಿಳ್ಳೆ ಹಾಕಿದ. ನಿವೃತ್ತ ಅಧ್ಯಾಪಕನಾದ ನಾನೂ ಹಾಕಲು ಪ್ರಯತ್ನಿಸಿದೆ. ಬರಿಯ ಉಸಿರು ಬಂತು.

ಸುತ್ತು ಮುಗಿಯಿತು. ಭಾವನವರು ದಡ ಮುಟ್ಟಿದರೂ ಇಳಿಯಲಿಲ್ಲ.

"ಬಾರೇ," ಎಂದರು ಅಕ್ಕನಿಗೆ.

"ನನ್ನ ಕೈಯಲ್ಲಿ ಎಳೆಯೋಕಾಗಲ್ಲ ಅಂತ ಗೊತ್ತಲ್ಲ."

"ಮುಂದಿನ ಹಲಗೆ ನೋಡು. ಒಂದು ಹಗ್ಗಾನೂ ಇಲ್ಲ. ಅಷ್ಟ್ ವರ್ಷ ನೀನು ತಲೆ ಎತ್ತಿ ಹಾಯೀನೇ ನೋಡ್ಕೊಂಡು ಕೂತಿದ್ದೆ. ಒಂದಿನಾನೂ ನೀರು ನೋಡ್ಲಿಲ್ಲ. ಬಾ, ಸುಮ್ನೆ ಕೂತ್ಕೋ."

ಅಕ್ಕ ಫೋನನ್ನು ನನ್ನ ಕೈಗಿತ್ತು, ನೆರಿಗೆ ಎತ್ತಿಕೊಂಡು ನೀರಿಗಿಳಿದಳು. ಭಾವನವರು ಅವಳಿಗೂ ಒಂದು ತೇಲುವ ಜಾಕೆಟ್ ತೊಡಿಸಿ ಗುಂಡಿಗಳನ್ನು ತಾವೇ ಹಾಕಿದರು, ಭುಜಕ್ಕೆ ನೋವಾಗದಂತೆ. ಅವಳು ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಏನು ಮಾಡಬೇಕೆಂದು ತಿಳಿಯದವಳಂತೆ ಒಂದು ಕ್ಷಣ ಕುಳಿತಳು; ಆಮೇಲೆ ಬಾಗಿ ನೀರು ನೋಡತೊಡಗಿದಳು. ದೋಣಿಯ ಪ್ರಶ್ನೆ ಹೀಗೆ ಅಂತಿಮವಾಗಿ ಇತ್ಯರ್ಥವಾದದ್ದು ಎರಡು ಸಾವಿರದ ಇಪ್ಪತ್ತೆರಡನೆಯ ಇಸವಿ, ಮಾರ್ಚ್ ಇಪ್ಪತ್ತೇಳು, ಭಾನುವಾರ.