ಮಾಲಕರ ಮಿರ್ಚಿ

ಚೌಡಾಪುರದ ಜಗದೇವನ ಮಿರ್ಚಿ ಬಜ್ಜಿಗೆ ಆಳಂದದಿಂದ ಜೇವರ್ಗಿಯವರೆಗೆ ಹೆಸರಿತ್ತು. ಗಾಣಗಾಪುರಕ್ಕೆ ಹೊರಟ ಭಕ್ತರು ದೇವರ ಮುಖ ನೋಡುವ ಮೊದಲು ಜಗದೇವನ ಕಡಾಯಿಯ ಮುಖ ನೋಡುತ್ತಿದ್ದರು. (ಉಪವಾಸ ಇದ್ದವರು ವಾಪಸ್ ಬರುವಾಗ ನೋಡುತ್ತಿದ್ದರು. ಅಷ್ಟೇ ವ್ಯತ್ಯಾಸ.) ಇಡೀ ಅಫಜಲಪುರ ತಾಲ್ಲೂಕಿನಲ್ಲಿ ಹಲ್ಲಿದ್ದೂ ಆ ಮಿರ್ಚಿಯನ್ನು ಕಡಿಯದ ಮನುಷ್ಯ ಒಬ್ಬನೇ ಇದ್ದ. ಅವನೇ ಜಗದೇವ.

ತಪ್ಪು ಅವನದಲ್ಲ. ದಿನವಿಡೀ ಕಾದ ಎಣ್ಣೆಯ ಎದುರು ನಿಂತ ಮೂಗು ಎಷ್ಟೆಂದು ತಡೆದೀತು? ಅಂಗಿಗೆ ಎಣ್ಣೆ, ಮೀಸೆಗೆ ಎಣ್ಣೆ, ಬೀಳುವ ಕನಸಿಗೂ ಎಣ್ಣೆ. ಮಿರ್ಚಿಯ ವಾಸನೆಗೆ ಊರಿನವರ ಬಾಯಲ್ಲಿ ನೀರು ಬಂದರೆ ಅವನ ಹೊಟ್ಟೆ ತೊಳಸುತ್ತಿತ್ತು. ಅವನ ಜೀವವೆಲ್ಲ ತಣ್ಣನೆಯ ಜೋಳದ ರೊಟ್ಟಿ, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ, ಗಟ್ಟಿ ಮೊಸರು, ಹಸಿ ಮೆಂತ್ಯಸೊಪ್ಪು ಮತ್ತು ಒಂದು ಮೂಲಂಗಿಯಲ್ಲಿತ್ತು. ಮಧ್ಯಾಹ್ನ ಅಂಗಡಿಯ ಹಿಂದಿನ ತಗಡಿನ ಮರೆಯಲ್ಲಿ ಕೂತು, ಕದ್ದು ಬೀಡಿ ಸೇದುವವನ ಹಾಗೆ ಸುತ್ತಮುತ್ತ ನೋಡುತ್ತ ಸೊಪ್ಪು ಮೆಲ್ಲುತ್ತಿದ್ದ. ಮೂಲಂಗಿಯನ್ನು ಮಾತ್ರ ಬಸ್ಸು ಹೋಗುವಾಗ ಕಡಿಯುತ್ತಿದ್ದ. ಇಲ್ಲದಿದ್ದರೆ ಕರಕರ ಸಪ್ಪಳ ಗಿರಾಕಿಗಳ ಕಿವಿಗೆ ಬೀಳುತ್ತಿತ್ತು.

ಅವನ ಹೆಂಡತಿ ಪಂಚಶೀಲಾ ಅದೇ ಊರಿನ ಅಂಗನವಾಡಿ ಟೀಚರು. ದಿನದ ಊಟದಲ್ಲಿ ಬೇಳೆ ಇರಲಿ, ಸೊಪ್ಪು ಇರಲಿ, ಸಿಕ್ಕ ಹಣ್ಣಿರಲಿ, ಕರಿದದ್ದು ಮಾತ್ರ ಹಬ್ಬಕ್ಕಿರಲಿ ಎಂದು ಬಸುರಿಯರಿಗೂ ಬಾಣಂತಿಯರಿಗೂ ಕೂಸುಗಳ ಅಜ್ಜಿಯರಿಗೂ ತಿಳಿಹೇಳುವುದು ಅವಳ ಕೆಲಸ. ಮನಸಾರೆ ಹೇಳುತ್ತಿದ್ದಳು. ತೂಕ ಕಡಿಮೆ ಇದ್ದ ಕೂಸುಗಳನ್ನು ಕಂಡರೆ ಅವಳಿಗೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ಹಾಗೆಂದು ಸಂಜೆ ಗಂಡ ತಂದ ಕಾಗದದ ಪೊಟ್ಟಣ ಕಂಡರೆ ಆ ಪೌಷ್ಟಿಕಾಹಾರದ ಮಹಾರಾಣಿ ಬಾಗಿಲಿಗೆ ಚಿಲಕ ಹಾಕಿ, ಕಿಟಕಿ ಮುಚ್ಚಿ, ಒಳಗಿದ್ದ ನಾಲ್ಕು ಮಿರ್ಚಿಗಳನ್ನು ಉಳ್ಳಾಗಡ್ಡಿ ಸಮೇತ ಮುಗಿಸುತ್ತಿದ್ದಳು.

"ಊರಿಗೆಲ್ಲ ಬ್ಯಾಡ ಅಂತಿ, ನೀ ಬಾಗಲಾ ಹಾಕ್ಕೊಂಡು ತಿಂತಿ," ಎಂದು ಜಗದೇವ ಒಮ್ಮೆ ಕೆಣಕಿದ.

"ನಾ ಹೇಳೋದು ಖರೆನೇ ಅದರಿ. ನನಗೂ ಯಾರರ ಹಂಗ ಕೂಡಿಸಿ ಹೇಳಿದ್ರ ಬಿಡ್ತಿದ್ದೆ. ಹೇಳಾವ್ರು ಯಾರು, ಟೀಚರ್ ನಾನೇ ಇದ್ದೇನಿ," ಎಂದು ಅವಳು ಕೊನೆಯ ಮಿರ್ಚಿಯ ತೊಟ್ಟು ಚೀಪಿದಳು. "ನೀವು ಊರಿಗೆಲ್ಲ ಮಾರಿ ತಗಡಿನ ಹಿಂದ ಮೂಲಂಗಿ ತಿಂತೀರಿ. ನಾ ಏನರ ಅಂದೀನೇನು?"

ಹೀಗೆ ಒಬ್ಬರ ಗುಟ್ಟು ಇನ್ನೊಬ್ಬರ ಸೆರಗಿನಲ್ಲಿ ಸುಖವಾಗಿತ್ತು. ಕೆಡಿಸಿದ್ದು ಪಂಚಶೀಲಾಳ ನಾಲಿಗೆ. ಒಂದು ದಿನ ತಾಯಂದಿರ ಸಭೆಯಲ್ಲಿ ಮಾತಿನ ಭರಕ್ಕೆ ಸಿಕ್ಕು, "ಹೊರಗ ಏನರ ತಿನ್ನೋದೇ ಇದ್ರ, ಮಾರಾಂವ ಅದನ್ನ ತಾನು ತಿಂತಾನೋ ಇಲ್ಲೋ ಮೊದಲ ನೋಡ್ರಿ," ಎಂದುಬಿಟ್ಟಳು. ಹೆಂಗಸರು ಚಪ್ಪಾಳೆ ತಟ್ಟಿದರು. ಅವಳೂ ತಟ್ಟಿದಳು. ಆ ಮಾತು ಯಾರ ಕಡಾಯಿಗೆ ಬಿತ್ತು ಎಂಬುದು ಅವಳಿಗೆ ಹೊಳೆದದ್ದು ಮನೆಗೆ ಬಂದ ಮೇಲೆ.

ಸಭೆಯಲ್ಲಿದ್ದ ರುಕ್ಮಿಣಿಬಾಯಿ ಮಾತನ್ನು ಬಿಸಿಯಾಗಿಯೇ ಗಂಡನಿಗೆ ಬಡಿಸಿದಳು. ಗಂಡ ದೇವೀಂದ್ರಪ್ಪ ನಿವೃತ್ತ ಬಸ್ ಕಂಡಕ್ಟರ್, ಜಗದೇವನ ಅಂಗಡಿಯ ಮೊದಲ ಬೆಂಚಿನ ಖಾಯಂ ಒಡೆಯ. ಟಿಕೆಟ್ ಇಲ್ಲದವನನ್ನು ಮುಖ ನೋಡಿಯೇ ಹಿಡಿಯುತ್ತಿದ್ದ ಕಣ್ಣು ಅವನದು. ಮರುದಿನ ಆ ಕಣ್ಣು ಜಗದೇವನ ಮೇಲೆ ಕೂತಿತು.

"ಜಗದೇವ, ನೀ ಒಂದು ತಿನ್ನಲೇ."

"ಈಗರ ಊಟ ಆಗ್ಯಾದ್ರಿ ಕಾಕಾ."

"ನಿನ್ನಿನೂ ಊಟ ಆಗಿತ್ತು. ಹೋದ ದೀಪಾವಳಿಗೂ ಆಗಿತ್ತು. ಇಷ್ಟು ವರ್ಷ ಇದೇ ಬೆಂಚಿನ ಮ್ಯಾಲ ಕುಂತೀನಿ, ನೀ ಒಂದು ಮಿರ್ಚಿ ಬಾಯಾಗ ಇಟ್ಟಿದ್ದು ನೋಡಿಲ್ಲ. ಎಣ್ಣ್ಯಾಗ ಏನು ಹಾಕ್ತಿ ಹೇಳು."

ಎಣ್ಣೆಯಲ್ಲಿ ಎಣ್ಣೆಯ ಹೊರತು ಏನೂ ಇರಲಿಲ್ಲ. ಆದರೆ ನಂಬುವವರು ಯಾರು? ಸಂಜೆಯ ಹೊತ್ತಿಗೆ ಬೆಂಚು ಖಾಲಿ. ಅದೇ ವಾರ ರಸ್ತೆಯ ಆಚೆ ಬುರಾನುದ್ದೀನ ಎಂಬವನು ಹೊಸ ಮಿರ್ಚಿ ಗಾಡಿ ನಿಲ್ಲಿಸಿದ. ಅವನು ಎಣ್ಣೆಯಿಂದ ಮೊದಲ ಘಾಣದ ಮಿರ್ಚಿ ತೆಗೆದ ಕೂಡಲೇ ತಾನೇ ಒಂದನ್ನು ಎಲ್ಲರೆದುರು ತಿಂದು, ಬೆರಳು ನೆಕ್ಕಿ, ಆಮೇಲೆ ಗಿರಾಕಿಗೆ ಕೊಡುತ್ತಿದ್ದ. ಮಂದಿ ಹಿಂಡು ಹಿಂಡಾಗಿ ರಸ್ತೆ ದಾಟಿದರು.

ಜಗದೇವನಿಗೆ ಅಳುವೇ ಬಂತು. ಮನೆಯ ಒಲೆ ಉರಿಯುತ್ತಿದ್ದದ್ದು ಆ ಕಡಾಯಿಯಿಂದ. ಅಂಗಡಿಯವನಿಗೆ ತನ್ನ ಮಿರ್ಚಿ ಕಂಡರೆ ಓಕರಿಕೆ ಎಂದು ಗೊತ್ತಾದರೆ ಆ ಕಡಾಯಿ ಮಗುಚಿ ಇಡಬೇಕು. ಅಷ್ಟಕ್ಕೇ ಮುಗಿಯುವುದಿಲ್ಲ. ಹಾಗಾದರೆ ದಿನಾ ಸಂಜೆ ಮನೆಗೊಯ್ಯುವ ಪೊಟ್ಟಣ ಯಾರಿಗೆ ಎಂಬ ಮುಂದಿನ ಪ್ರಶ್ನೆ ಬಂದರೆ ಪಂಚಶೀಲಾಳ ಮಾತಿಗೆ ಊರಿನಲ್ಲಿ ಕವಡೆಯ ಬೆಲೆ ಇರುವುದಿಲ್ಲ.

"ಆ ಮಾತು ಆಡು ಅಂತ ಯಾರು ಹೇಳಿದ್ರಬೇ ನಿನಗ?" ಎಂದು ರಾತ್ರಿ ಮನೆಯಲ್ಲಿ ಹೆಂಡತಿಯನ್ನು ಕೇಳಿದ.

"ಅಂದಿನಿ, ಆತು. ಈಗ ಬೈದ್ರ ಗಿರಾಕಿ ಬರ್ತಾರೇನು? ನೀವು ನಾಕು ದಿನ ಕಣ್ಣು ಮುಚ್ಚಿ ಎರಡು ತಿನ್ರಿ."

"ಸಾಯ್ತೇನಿ, ತಿನ್ನಂಗಿಲ್ಲ."

ಪಂಚಶೀಲಾ ಎದ್ದು ಜೋಳದ ಹಿಟ್ಟಿಗೆ ಕಡಲೆ ಹಿಟ್ಟು, ಕೈತುಂಬ ಮೆಂತ್ಯಸೊಪ್ಪು, ಅರಿಶಿನ ಹಾಕಿ ನಾದಿ, ಉದ್ದುದ್ದ ಕಡಬು ಮಾಡಿ ಹಬೆಯಲ್ಲಿ ಬೇಯಿಸಿದಳು. ಬೆಂದ ಮೇಲೆ ಪ್ರತಿಯೊಂದರ ತುದಿಗೆ ಒಂದು ಹಸಿಮೆಣಸಿನಕಾಯಿಯ ತೊಟ್ಟು ಚುಚ್ಚಿದಳು. ತೊಟ್ಟುಗಳು ಸ್ವಲ್ಪ ಸೊಟ್ಟಗೆ ಕೂತವು. ಆದರೂ ಎರಡು ಮಾರು ದೂರದಿಂದ ನೋಡಿದರೆ ಸಾಕ್ಷಾತ್ ಮಿರ್ಚಿ.

ಮರುದಿನ ಜಗದೇವ ಗಲ್ಲಾದ ಮೇಲೆ ತನ್ನ ಪ್ಲೇಟು ಇಟ್ಟುಕೊಂಡು, ತೊಟ್ಟು ಹಿಡಿದು ಒಂದನ್ನೆತ್ತಿ, ಎಲ್ಲರೆದುರು ಕಡಿದ. ಇನ್ನೊಂದು ಕಡಿದ. ಹೊಟ್ಟೆ ಸವರಿಕೊಂಡು ತೇಗಿದ. ದೇವೀಂದ್ರಪ್ಪ ರಸ್ತೆಯ ಆಚೆಯಿಂದ ನೋಡಿದ, ವಾಪಸ್ ಬಂದ, ಬೆಂಚಿನ ಮೇಲೆ ಕೂತ. ಅವನ ಬೆನ್ನಿಗೇ ಊರೂ ಬಂತು.

ಇಲ್ಲಿಗೆ ಸುಮ್ಮನಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ಜಗದೇವನಿಗೆ ಜನರ ಮುಂದೆ ತಿನ್ನುವ ಚಟ ಹತ್ತಿತು. ಜೀವನದಲ್ಲಿ ಮೊದಲ ಬಾರಿಗೆ ಅವನು ತನಗೆ ಬೇಕಾದದ್ದನ್ನು ತಗಡಿನ ಮರೆಯಿಲ್ಲದೆ ತಿನ್ನುತ್ತಿದ್ದ. ಕಣ್ಣು ಮುಚ್ಚಿ, ತಲೆ ಅಲ್ಲಾಡಿಸಿ, "ವಾಹ್ ಜಗದೇವ" ಎಂದು ತನ್ನನ್ನೇ ಹೊಗಳಿಕೊಂಡು, ಹಿಂಡಿ ಹಚ್ಚಿಕೊಂಡು ಎಂಟೆಂಟು ಮುಗಿಸುತ್ತಿದ್ದ. ಮಿರ್ಚಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ತಿನ್ನುವವನನ್ನು ದೇವೀಂದ್ರಪ್ಪ ಎಲ್ಲೂ ಕಂಡಿರಲಿಲ್ಲ. ಒಂದು ಸಂಜೆ ಕಂಡಕ್ಟರ್ ಮೆಲ್ಲಗೆ ಎದ್ದು, ಕೈ ಚಾಚಿ, ಮಾಲಕರ ಪ್ಲೇಟಿನಿಂದ ಒಂದನ್ನೆತ್ತಿ ಬಾಯಿಗೆ ಹಾಕಿಕೊಂಡ.

ಜಗದೇವನ ಕೈಯಲ್ಲಿದ್ದ ಜಾಲರಿ ಸೌಟು ಎಣ್ಣೆಯಲ್ಲೇ ನಿಂತಿತು. ದೇವೀಂದ್ರಪ್ಪ ಅಗಿದ, ನುಂಗಿದ, ಕೈಯಲ್ಲಿ ಉಳಿದ ತೊಟ್ಟನ್ನು ತಿರುಗಿಸಿ ನೋಡಿದ.

"ಇದು ಮಿರ್ಚಿ ಅಲ್ಲ. ಮೆಂತ್ಯದ ಕಡಬು."

ಜಗದೇವ ಎರಡೂ ಕೈ ಜೋಡಿಸಿದ. "ಕಾಕಾ, ತಪ್ಪಾತ್ರಿ. ನನಗ ಎಣ್ಣೀದು ನಡ್ಯಂಗಿಲ್ಲ."

"ಅದು ಇರ್ಲಿ," ಎಂದ ದೇವೀಂದ್ರಪ್ಪ. "ಇಷ್ಟು ದಿನ ಛಲೋದು ನೀ ತಿಂದು, ನಮಗ ಕರಿದದ್ದು ಹಾಕಿದಿ ಏನಲೇ? ನನ್ನ ಹೇಣ್ತಿ ಮಿರ್ಚಿ ಬಿಡು ಅಂತ ದಿನಾ ಜೀವ ತಿಂತಾಳ. ಇದು ಮೊದಲೇ ಕೊಟ್ಟಿದ್ರ ನನ್ನ ಮನ್ಯಾಗ ಶಾಂತಿ ಇರ್ತಿದ್ದಿಲ್ಲೇನು? ತಾ ಇನ್ನೊಂದು."

"ನಮಗೂ ಮಾಲಕರದ್ದೇ ಕೊಡು," ಎಂದಿತು ಹಿಂದಿನ ಬೆಂಚು. ಮಾಲಕ ತನಗೆಂದು ಮುಚ್ಚಿಟ್ಟುಕೊಂಡ ಪದಾರ್ಥ ಎಂದ ಮೇಲೆ ಅದರ ರುಚಿ ಕೇಳಬೇಕೇ? (ಅದೇ ಕಡಬನ್ನು ಅವರ ಹೆಂಡಂದಿರು ಮನೆಯಲ್ಲಿ ಮಾಡಿದರೆ ತಟ್ಟೆ ದೂಡುತ್ತಿದ್ದ ಗಂಡಸರಿವರು.) ಪ್ಲೇಟು ಖಾಲಿಯಾಯಿತು. ಜನ ಮರುದಿನಕ್ಕೆ ಹೇಳಿಟ್ಟು ಹೋದರು.

ವಾರ ಕಳೆಯುವುದರೊಳಗೆ ಜಗದೇವನ ಅಂಗಡಿಯಲ್ಲಿ ಕಡಾಯಿಯ ಜಾಗಕ್ಕೆ ಹಬೆಯ ಪಾತ್ರೆ ಬಂತು. ಕಡಬು, ಹಿಂಡಿ, ಮೊಸರು, ಒಂದು ಹಿಡಿ ಹಸಿ ಸೊಪ್ಪು. ಗಿರಾಕಿ ಇಲ್ಲದೆ ಬುರಾನುದ್ದೀನ ಗಾಡಿಯನ್ನು ಗೊಬ್ಬೂರಕ್ಕೆ ಹೊಡೆದುಕೊಂಡು ಹೋದ. ಹೋಗುವಾಗ ಜಗದೇವನ ಹಳೆಯ ಕಡಾಯಿಯನ್ನು ಕೊಂಡು ಒಯ್ದ. ಅಂಗನವಾಡಿಯ ಮೇಲ್ವಿಚಾರಕಿ ಬಂದು, ಬದಲಾವಣೆಯನ್ನು ಮನೆಯಿಂದಲೇ ಶುರು ಮಾಡಿದ ಟೀಚರ್ ಎಂದು ಪಂಚಶೀಲಾಳಿಗೆ ಶಾಲು ಹೊದಿಸಿ, ಗಂಡನನ್ನು ಪಕ್ಕಕ್ಕೆ ನಿಲ್ಲಿಸಿ ಫೋಟೊ ತೆಗೆಸಿದರು. ತಾಯಂದಿರು ಅವಳ ಮಾತು ಕೇಳತೊಡಗಿದರು. ಕೂಸುಗಳ ತಟ್ಟೆಗೆ ಸೊಪ್ಪು ಬೀಳತೊಡಗಿತು.

ಎಲ್ಲ ಸರಿಯಾಯಿತು, ಸಂಜೆಯ ಪೊಟ್ಟಣದ ಹೊರತು. ಮೊದಲ ದಿನ ಅದನ್ನು ಬಿಚ್ಚಿದ ಪಂಚಶೀಲಾಳಿಗೆ ಒಳಗೆ ಕಡಬು ಕಂಡವು. "ಛಲೋನೇ ಅವ," ಎಂದಳು, ದವಾಖಾನೆಯ ಗುಳಿಗೆಗೆ ಹೇಳುವ ದನಿಯಲ್ಲಿ. ಬಾಗಿಲಿಗೆ ಚಿಲಕ ಹಾಕುವ ಕಾರಣವೇ ಇರಲಿಲ್ಲ. ಕ್ರಮೇಣ ಅವಳಿಗೆ ಗೊಬ್ಬೂರದಲ್ಲಿ ಮೀಟಿಂಗುಗಳು ಹೆಚ್ಚಾದವು. ಅಲ್ಲಿನ ಹೆಂಗಸರಿಗೆ ತೋರಿಸಬೇಕೆಂದು ಡಬ್ಬಿ ತುಂಬ ಕಡಬು ಒಯ್ಯುತ್ತಿದ್ದಳು. ಮೆಣಸಿನಕಾಯಿಯ ತೊಟ್ಟುಗಳನ್ನು ಎಸೆಯದೆ ಎತ್ತಿಡುತ್ತಿದ್ದಳು. ಜಗದೇವ ಕೇಳಲಿಲ್ಲ. ಅವನಿಗೆ ಅವನದೇ ಸಂಕಟ ಶುರುವಾಗಿತ್ತು.

ದಿನವಿಡೀ ಮೆಂತ್ಯದ ಹಬೆಯ ಎದುರು ನಿಂತ ಮೂಗು ಎಷ್ಟೆಂದು ತಡೆದೀತು? ಅಂಗಿಗೆ ಮೆಂತ್ಯ, ಮೀಸೆಗೆ ಮೆಂತ್ಯ. ರೊಟ್ಟಿ ಬಿಚ್ಚಿದರೆ ಹೊಟ್ಟೆ ತೊಳಸಿತು. ಮೂಲಂಗಿ ಕಂಡರೆ ಮುಖ ತಿರುಗಿಸಿದ. ಒಂದು ಗುರುವಾರ ಸಂಜೆ, ಯಾವುದೋ ಗಾಳಿಯಲ್ಲಿ ಕಾದ ಎಣ್ಣೆಯ ವಾಸನೆ ತೇಲಿಬಂದು, ಜಗದೇವನ ಬಾಯಲ್ಲಿ ನೀರು ಬಂತು. ಅವನೇ ಗಾಬರಿಯಾದ.

ಪಂಚಶೀಲಾ ಮೀಟಿಂಗಿಗೆ ಹೋಗಿದ್ದಳು. ಮೆಂತ್ಯಸೊಪ್ಪು ಗೊಬ್ಬೂರದಲ್ಲಿ ಸೋವಿ ಎಂದು ದೇವೀಂದ್ರಪ್ಪನಿಗೆ ಹೇಳಿ, ಅಂಗಡಿ ಅವನ ವಶಕ್ಕೆ ಕೊಟ್ಟು, ಮುಖಕ್ಕೆ ಟವೆಲ್ ಸುತ್ತಿಕೊಂಡು ಜಗದೇವ ಬೈಕು ಹತ್ತಿದ. ಗೊಬ್ಬೂರದ ಕ್ರಾಸಿನಲ್ಲಿ ಬುರಾನುದ್ದೀನನ ಗಾಡಿಯ ಸುತ್ತ ಜಾತ್ರೆಯಷ್ಟು ಮಂದಿ. ಬುರಾನುದ್ದೀನ ಹೊಸ ಘಾಣ ತೆಗೆದ. ಪಕ್ಕದ ಪ್ಲೇಟಿನಿಂದ ಒಂದನ್ನೆತ್ತಿ ಎಲ್ಲರೆದುರು ಕಡಿದ, ಬೆರಳು ನೆಕ್ಕಿದ. ಜಗದೇವ ಹತ್ತಿರ ಹೋಗಿ ಪ್ಲೇಟು ನೋಡಿದ. ಉಳಿದವುಗಳ ತೊಟ್ಟುಗಳೆಲ್ಲ ಸೊಟ್ಟಗಿದ್ದವು.

ಗಾಡಿಯ ಹಿಂದಿನ ಕಲ್ಲಿನ ಮೇಲೆ ಸೆರಗು ಮುಖಕ್ಕೆಳೆದುಕೊಂಡ ಹೆಂಗಸೊಬ್ಬಳು ಕೂತಿದ್ದಳು. ಮಡಿಲಲ್ಲಿ ಖಾಲಿ ಡಬ್ಬಿ, ಪಕ್ಕದಲ್ಲಿ ಮಿರ್ಚಿಯ ಪ್ಲೇಟು, ಕೈಯಲ್ಲೊಂದು ಮಿರ್ಚಿ.

"ಮೀಟಿಂಗ್ ಮುಗೀತೇನು?" ಎಂದ ಜಗದೇವ, ಟವೆಲ್ಲಿನ ಒಳಗಿಂದ.

ಪಂಚಶೀಲಾ ಬೆಚ್ಚಲಿಲ್ಲ. ಬಾಯಲ್ಲಿದ್ದದ್ದನ್ನು ನಿಧಾನ ಮುಗಿಸಿದಳು. "ಮೆಂತ್ಯ ಸಿಕ್ತೇನು?"

ಬುರಾನುದ್ದೀನ ತಲೆ ತಗ್ಗಿಸಿದ. "ಸಿಟ್ಟಾಗಬ್ಯಾಡ್ರಿ ಜಗದೇವಣ್ಣ. ದಿನಾ ಎಣ್ಣಿ ಮುಂದ ನಿಂತು ನನಗೂ ಈಗ ಮಿರ್ಚಿ ಗಂಟಲದಾಗ ಇಳಿಯವಲ್ವು. ಟೀಚರಬಾಯಾರು ಕಡಬು ತಂದು ಉಳಸ್ಯಾರ. ಬದ್ಲಿಗೆ ನಾಕು ಮಿರ್ಚಿ ತಿಂತಾರ, ಅಷ್ಟ."

ಜಗದೇವ ಜಗಳಕ್ಕೆ ಬಾಯಿ ತೆರೆದ. ಪಂಚಶೀಲಾ ಆ ಬಾಯಿಗೆ ಒಂದು ಮಿರ್ಚಿ ಇಟ್ಟಳು.

ತನ್ನದೇ ಹಳೆಯ ಕಡಾಯಿಯಲ್ಲಿ ಕರಿದ ಮಿರ್ಚಿಯನ್ನು ಅವನು ತಿಂದದ್ದು ಅಂದೇ ಮೊದಲು. ಹೊರಗೆ ಕುರುಕುಲು, ಒಳಗೆ ಮೆತ್ತಗೆ, ಆಮೇಲೆ ನಾಲಿಗೆಯ ತುದಿಗೆ ಹತ್ತುವ ಖಾರ. ಅವನ ಕಣ್ಣಲ್ಲಿ ನೀರು ಬಂತು, ಖಾರಕ್ಕೆ ಮಾತ್ರ ಅಲ್ಲ. ಇಷ್ಟು ವರ್ಷ ಊರೆಲ್ಲ ಹೊಗಳಿದ್ದನ್ನು ಅವನು ಬಾಯಿಮಾತು ಎಂದುಕೊಂಡಿದ್ದ.

"ನಾ ಮಾಡಿದ್ದೂ ಇಷ್ಟು ಛಲೋ ಇರ್ತಿದ್ವೇನಬೇ?"

"ಇದಕ್ಕಿಂತ ಛಲೋ ಇರ್ತಿದ್ವು," ಎಂದಳು ಪಂಚಶೀಲಾ. ಜಗದೇವ ಇನ್ನೊಂದಕ್ಕೆ ಕೈ ಚಾಚಿದ. ಅವಳು ಪ್ಲೇಟು ಆಚೆ ಸರಿಸಿದಳು. "ಸಾಕ್ರಿ. ಕರಿದದ್ದು ದಿನಾ ತಿನಬಾರದು, ವಾರಕ್ಕೊಂದು ನಡೀತದ."

"ಮತ್ತ ನೀ?"

"ನಂದು ಮೀಟಿಂಗ್ ಅದ," ಎಂದು ಅವಳು ಮುಂದಿನ ಮಿರ್ಚಿ ಎತ್ತಿಕೊಂಡಳು. "ನಾಳಿಗೆ ನಾಕು ಕಡಬು ಜಾಸ್ತಿ ಮಾಡ್ರಿ. ಬುರಾನುದ್ದೀನಗ ಸಾಲವಲ್ವು."